ಡಬ್ಬಿಗಳು ಮಾತಾಡಿದ ಮಳೆಗಾಲ

ಹೋದ ವಾರ ಶಿಗ್ಗಾವಿ ಬಸ್‌ಸ್ಟ್ಯಾಂಡಿನಲ್ಲಿ ಹಾನಗಲ್ಲಿನ ಬಸ್ಸಿಗೆ ಕಾಯುತ್ತ ಕೂತಿದ್ದೆ. ಜಿಟಿಜಿಟಿ ಮಳೆ. ಬೆಂಚಿನ ಅರ್ಧ ಭಾಗಕ್ಕೆ ಮಾಳಿಗೆ ಸೋರುತ್ತಿತ್ತು, ಉಳಿದ ಅರ್ಧದಲ್ಲಿ ನಾನೂ ಗುರುತಿಲ್ಲದ ಇನ್ನೊಬ್ಬ ಹೆಂಗಸೂ ಮುದುಡಿಕೊಂಡಿದ್ದೆವು. ಆಕೆ ಚೀಲದಿಂದ ಸವಣೂರು ಖಾರದ ಸೇವಿನ ಪೊಟ್ಟಣ ತೆಗೆದು ಹಲ್ಲಿನಿಂದ ಹರಿದಳು. ಅಜವಾನದ ಘಾಟು, ಎಣ್ಣೆಯಲ್ಲಿ ಬೆಂದ ಕಡಲೆಹಿಟ್ಟಿನ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಂದವು. "ತಗೋರಿ ಅಕ್ಕಾ" ಎಂದು ಆಕೆ ಕೈ ಚಾಚಿದಳು. ಚೂರು ಬಾಯಿಗೆ ಹಾಕಿಕೊಂಡೆ. ಉಪ್ಪು ಸರಿಯಾಗಿತ್ತು. ಖಾರ ತಿನ್ನುವಾಗ ಮೊದಲು ಉಪ್ಪು ನೋಡುವ ಈ ಚಟ ನನಗೆ ಅಂಟಿದ್ದು ಒಂದು ಮಳೆಗಾಲದಲ್ಲಿ, ಸವಣೂರಿನ ಒಂದು ಅಡುಗೆಮನೆಯಲ್ಲಿ.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಹಾನಗಲ್ಲಿನ ಒಂದು ಖಾಸಗಿ ಐಟಿಐನಲ್ಲಿ ಹುಡುಗರಿಗೆ ಬೆಸುಗೆ ಹಾಕುವುದನ್ನು ಕಲಿಸುತ್ತಿದ್ದೆ. ಹುಡುಗರು ಬರುವುದು ಕಡಿಮೆಯಾಗಿ ಅದು ಬಾಗಿಲು ಹಾಕಿತು. ಮದುವೆ ಆಗಿರಲಿಲ್ಲ, ಅವ್ವ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಅಂಥ ಹೊತ್ತಿನಲ್ಲಿ ಸಿಕ್ಕಿದ್ದು ಈ ಕೆಲಸ. ಬೆಂಗಳೂರಿನ ಒಂದು ಸಂಸ್ಥೆಯವರು ನಮ್ಮ ಕಡೆಯ ನಾಲ್ಕು ತಾಲೂಕಿನಲ್ಲಿ ಕೆಲವು ಮನೆ ಆರಿಸಿಕೊಂಡಿದ್ದರು. ಕಣ್ಣು ಕಾಣದವರು, ಕಾಲು ಬಾರದವರು, ಹಾಸಿಗೆ ಹಿಡಿದವರು ಇರುವ ಮನೆಗಳು. ಆ ಮನೆಗಳ ಬಾಗಿಲು, ಮಂಚ, ಫ್ಯಾನು, ಡಬ್ಬಿ ಎಲ್ಲಕ್ಕೂ ಸಣ್ಣ ಸಣ್ಣ ಯಂತ್ರ ಅಂಟಿಸಬೇಕು. ಮನೆ ತಾನೇ ನೋಡಬೇಕು, ಕೇಳಬೇಕು, ಹೇಳಬೇಕು. ಗೋಡೆಗೆ ಕಿವಿ ಇರುತ್ತವೆ ಎನ್ನುವುದನ್ನು ಮೊದಲೇ ಕೇಳಿದ್ದೆವು, ಬಾಯಿ ಕೊಡುವುದು ಬಾಕಿ ಇತ್ತು. ಅದನ್ನು ಕೊಡಲು ನನ್ನನ್ನು ಮಳೆಗಾಲದ ಮಟ್ಟಿಗೆ ನೇಮಿಸಿಕೊಂಡರು.

ಆ ವರ್ಷದ ಮಳೆ ಜೋರಾಗಿಯೂ ಬರಲಿಲ್ಲ, ನಿಲ್ಲಲೂ ಇಲ್ಲ. ಸುಮ್ಮನೆ ಹನಿಯುತ್ತ ಇರುತ್ತಿತ್ತು. ಬೆಳಿಗ್ಗೆ ಹಾನಗಲ್ಲಿನಲ್ಲಿ ಬಸ್ಸು ಹತ್ತಿ ಬಂಕಾಪುರದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಸವಣೂರಿಗೋ ಶಿಗ್ಗಾವಿಗೋ ಹೋಗುತ್ತಿದ್ದೆ. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಹಾಗಾಗಿ ನಿಲ್ಲುವುದಕ್ಕೂ ಜಾಗವಿಲ್ಲ. ಬಂಕಾಪುರದ ಕೋಟೆ ಕಡೆಯಿಂದ ನವಿಲು ಕೂಗುವುದು ಕೇಳುತ್ತಿತ್ತು. ಮೊದಮೊದಲು ಚೆಂದ ಅನಿಸುತ್ತಿತ್ತು, ಆಮೇಲೆ ಅವಕ್ಕೂ ನನ್ನ ಹಾಗೆಯೇ ಬೇಸರ ಬಂದು ಕೂಗಿಕೊಳ್ಳುತ್ತಿವೆ ಅನಿಸತೊಡಗಿತು. ಬೆನ್ನಿಗೆ ಬ್ಯಾಟರಿ ತುಂಬಿದ ಚೀಲ, ಕೈಯಲ್ಲಿ ಕೊಡೆ, ಚಪ್ಪಲಿಯಲ್ಲಿ ಕೆಸರು. ಮನೆಗೆ ಬಂದು ಊಟ ಮಾಡಿ ಮಲಗಿದರೆ ನಾಳೆ ಮತ್ತೆ ಅದೇ.

ಯಂತ್ರಗಳ ಬುದ್ಧಿಯೂ ನಾವು ಎಣಿಸಿದಷ್ಟೇನೂ ಇರಲಿಲ್ಲ. ಹಿರೇಕೆರೂರಿನ ಒಂದು ಮನೆಯಲ್ಲಿ ಕಾಯಿಲೆಯವರ ಮಂಚದ ಕಾಲಿಗೆ ಯಂತ್ರ ಕೂರಿಸಿದ್ದೆವು. ಮಲಗಿದವರು ಎದ್ದರೋ ಇಲ್ಲವೋ ಎಂದು ಅದು ಬೆಂಗಳೂರಿಗೆ ತಿಳಿಸಬೇಕು. ಒಂದು ದಿನ ಅಲ್ಲಿನ ಇಂಜಿನಿಯರ್ ಗಾಬರಿಯಿಂದ ಫೋನ್ ಮಾಡಿದ. "ಮೇಡಂ, ಆ ಯಜಮಾನ್ರು ನಿನ್ನೆಯಿಂದ ಎದ್ದೇ ಇಲ್ಲ, ಅಲುಗಾಡಿಲ್ಲ." ಇದ್ದಬದ್ದ ಬಸ್ಸು ಹತ್ತಿ ಓಡಿದೆ. ಯಜಮಾನರು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಒಳಗೆ ಮಾಳಿಗೆ ಸೋರುತ್ತಿತ್ತೆಂದು ಗೋವಿನಜೋಳದ ಚೀಲಗಳನ್ನು ಎತ್ತಿ ಮಂಚದ ಮೇಲೆ ಒಟ್ಟಿದ್ದರು. ಶಿಗ್ಗಾವಿಯ ನಿವೃತ್ತ ಮಾಸ್ತರರ ಮನೆಯಲ್ಲಿ ಚಪ್ಪಾಳೆ ತಟ್ಟಿದರೆ ಫ್ಯಾನು ತಿರುಗುತ್ತಿತ್ತು, ಇನ್ನೊಮ್ಮೆ ತಟ್ಟಿದರೆ ನಿಲ್ಲುತ್ತಿತ್ತು. ಸೋಮವಾರ ಅವರ ಮನೆಯಲ್ಲಿ ಭಜನೆ. ಭಜನೆ ಮುಗಿಯುವುದರೊಳಗೆ ಫ್ಯಾನು ಸುಟ್ಟುಹೋಯಿತು. ಮಾಸ್ತರರು ಬಯ್ಯಲಿಲ್ಲ, ನಕ್ಕರು. ನನಗೆ ನಗಲೂ ತ್ರಾಣ ಇರಲಿಲ್ಲ.

ಸವಣೂರಿನ ಮನೆ ಜೈತುನಬಿಯದು. ಅರವತ್ತರ ಹತ್ತಿರದ ಹೆಂಗಸು. ಗಂಡ ತೀರಿದ ಮೇಲೆ ಮನೆಯಲ್ಲಿಯೇ ಖಾರ ಕರಿದು ಅಂಗಡಿಗಳಿಗೆ ಕೊಟ್ಟು ಮಗನನ್ನು ಬೆಳೆಸಿದ್ದಳು. ಮಗ ಬಶೀರ ವೀಳ್ಯದೆಲೆಯ ಪೆಂಡಿಗಳನ್ನು ಗಾಡಿಯಲ್ಲಿ ಹುಬ್ಬಳ್ಳಿಗೆ ಸಾಗಿಸುತ್ತಿದ್ದ, ನಸುಕಿಗೆ ಹೋದರೆ ಮಧ್ಯಾಹ್ನದ ಮೇಲೆಯೇ ಬರುವುದು. ಸೊಸೆ ರೇಷ್ಮಾ ಹುಲಗೂರಿನವಳು, ಮಾತು ಕಡಿಮೆ. ಜೈತುನಬಿಯ ಕಣ್ಣು ಎರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ಮಂಜಾಗುತ್ತ ಬಂದು ಪೂರ್ತಿ ಹೋಗಿತ್ತು. ನರ ಒಣಗಿದೆ, ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆದರೂ ಆಕೆ ಒಲೆ ಬಿಟ್ಟಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಕಾದ ಎಣ್ಣೆ ಬಲಗೈ ಮೇಲೆ ಚೆಲ್ಲಿ ಮೊಣಕೈಯವರೆಗೆ ಸುಟ್ಟಿತ್ತು. ಅವತ್ತೇ ಬಶೀರ ಹೇಳಿದ್ದನಂತೆ, ಇನ್ನೊಮ್ಮೆ ಏನಾದರೂ ಆದರೆ ಖಾರ ಮಾಡುವುದು ಬಂದ್, ಒಲೆಯ ಹತ್ತಿರವೂ ಬಿಡುವುದಿಲ್ಲ ಎಂದು. ನಮ್ಮ ಯಂತ್ರ ಆ ಮನೆಗೆ ಹೋದದ್ದು ಆ ಮಾತು ನಡೆಯುತ್ತಿರುವಾಗ.

ಮೊದಲ ದಿನ ನಾನು ಹೊಸ್ತಿಲು ದಾಟಿದೊಡನೆ ಆಕೆ ಕೇಳಿದ್ದು ಇದು. "ನೀವು ಮಷಿನ್ ಹಚ್ಚೋ ಅಕ್ಕೋರೇನ್ರಿ? ಬರ್ರಿ, ಕುಂತ್ರಿ. ಅದನ್ನ ಹಚ್ಚಿದ್ರ ನನ್ನ ಒಲಿ ನನಗ ಉಳೀತೈತೇನ್ರಿ?"

ಉಳಿಯುತ್ತದೆ ಎಂದೆ. ಹಾಗೆ ಹೇಳಲು ನನಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ, ಆದರೆ ಬೇರೆ ಏನು ಹೇಳುವುದು.

ಕೆಲಸ ಸರಳ. ಡಬ್ಬಿಗಳ ತಳಕ್ಕೆ ಒಂದೊಂದು ಬಿಲ್ಲೆ ಅಂಟಿಸಿದೆ. ಅವನ್ನು ಇಡುವ ಹಲಗೆಯ ಕೆಳಗೆ ಬಿಲ್ಲೆ ಗುರುತಿಸುವ ಯಂತ್ರ, ಪಕ್ಕದಲ್ಲಿ ಸ್ಪೀಕರು. ಡಬ್ಬಿ ಎತ್ತಿದರೆ ಅದರ ಹೆಸರು ಹೇಳುತ್ತದೆ. ಒಲೆಯ ಮುಂದೆ ಒಂದು ಚಾಪೆ, ಅದರ ಮೇಲೆ ಯಾರೂ ಕೂತಿಲ್ಲವಾದರೆ ಗ್ಯಾಸು ತಾನೇ ಆರುತ್ತದೆ. ಮೊದಲು ಬೆಂಗಳೂರಿನವರು ಕಳಿಸಿದ ದನಿ ಹಾಕಿದ್ದೆ. "ಇದು ಕಡಲೆ ಹಿಟ್ಟು" ಎಂದಿತು ಡಬ್ಬಿ, ಒಂದೊಂದು ಅಕ್ಷರ ತೊಳೆದು ಒಣಗಿಸಿದ ಹಾಗೆ. ಜೈತುನಬಿ ಕೈ ಹಿಂದಕ್ಕೆ ತೆಗೆದಳು.

"ಯಾರ್ರಿ ಈಕಿ? ಟೀವಿಯೊಳಗ ಸುದ್ದಿ ಓದಾಕಿಯೇನು? ನನ್ನ ಅಡಗಿಮನ್ಯಾಗ ಯಾಕ ಕುಂತಾಳ?"

ಹಾಗಾಗಿ ರೇಷ್ಮಾಳ ದನಿ ಹಾಕಿದೆ. ಆಕೆ ಒಲ್ಲೆ ಒಲ್ಲೆ ಎನ್ನುತ್ತ, ಸೆರಗು ಬಾಯಿಗೆ ಅಡ್ಡ ಹಿಡಿದು, ನನ್ನ ಮೊಬೈಲಿಗೆ ಒಂದೊಂದೇ ಹೆಸರು ಹೇಳಿದಳು. ಕಡ್ಲಿಹಿಟ್ಟ, ಉಪ್ಪ, ಅಜವಾನ, ಖಾರಪುಡಿ. ಅತ್ತೆ ಡಬ್ಬಿಗಳನ್ನು ಒಂದಾದ ಮೇಲೊಂದು ಎತ್ತಿ ಕೇಳಿದಳು. "ನೋಡ್ರಿ ಅಕ್ಕೋರ, ಸೊಸಿ ಬಾಯಿಂದ ಇಷ್ಟ ಮಾತು ಮದಲನೇ ಸಲ ಕೇಳಾಕತ್ತೇನಿ" ಎಂದು ನಕ್ಕಳು. ರೇಷ್ಮಾ ನೀರು ತರುವ ನೆವದಲ್ಲಿ ಎದ್ದು ಹೋದಳು. ಅವಳ ಹೆಜ್ಜೆ ದೂರವಾದ ಮೇಲೆ ಜೈತುನಬಿ ದನಿ ತಗ್ಗಿಸಿದಳು.

"ಕಣ್ಣು ಹೋದದ್ದು ಇರ್ಲಿ ಬಿಡ್ರಿ, ಅಲ್ಲಾ ಕೊಟ್ಟಿದ್ದ, ಅಂವನ ತಗೊಂಡ. ಆದ್ರ ಕಣ್ಣು ಹೋದ ಮ್ಯಾಲೆ ಇವ್ರು ನನ್ನ ಮುಂದ ಮಾತಾಡೂದನ್ನ ಬಿಟ್ಟಾರ. ಗಂಡ ಹೆಂಡ್ತಿ ಕೈಸನ್ನಿ ಮಾಡ್ತಾರ. ನನಗ ಸೊಸಿ ಕೈಬಳಿ ಸಪ್ಪಳ ಕೇಳಸ್ತದ. ಏನೋ ಹೇಳಾಕತ್ತಾರ, ನನಗಲ್ಲ ಅಂತ ಅಷ್ಟ ಗೊತ್ತಾಗ್ತದ."

ನಾನು ಸ್ಕ್ರೂ ತಿರುಗಿಸುತ್ತ ಕೂತೆ. ಅದಕ್ಕೆ ಹಚ್ಚುವ ಯಂತ್ರ ನನ್ನ ಚೀಲದಲ್ಲಿ ಇರಲಿಲ್ಲ.

ಹದಿನೈದು ದಿನ ಎಲ್ಲ ಸುಸೂತ್ರ ನಡೆಯಿತು. ಕರೆಂಟು ಹೋಗಿ ಬಂದಾಗ ಹಲಗೆ ಒಮ್ಮೆಲೇ ಎಲ್ಲ ಹೆಸರು ಒದರುತ್ತಿತ್ತು, ಅಷ್ಟೇ. ಮೊದಲೆಲ್ಲ ಜೈತುನಬಿ ಪ್ರತಿ ಡಬ್ಬಿಯನ್ನೂ ಮೂಗಿಗೆ ಹಿಡಿದು, ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದಳಂತೆ. ಈಗ ಹೆಸರು ಕೇಳಿ ಸುಮ್ಮನೆ ಚಮಚ ಹಾಕುತ್ತಿದ್ದಳು. ಕೆಲಸ ಬೇಗ ಸಾಗುತ್ತಿತ್ತು. ಬೆಂಗಳೂರಿನ ಇಂಜಿನಿಯರ್ ಇದನ್ನು ಕೇಳಿ ಖುಷಿಪಟ್ಟ. ನನಗೂ ಆ ತಿಂಗಳಲ್ಲಿ ಖುಷಿ ಕೊಟ್ಟದ್ದು ಅದೊಂದೇ ಮನೆ.

ಆದರೆ ಆ ಓಣಿಗೆ ಅದರದೇ ಒಂದು ರಿವಾಜು ಇತ್ತು. ಒಂದು ಮನೆಯ ಡಬ್ಬಿ ಇನ್ನೊಂದು ಮನೆಗೆ ಹೋದರೆ ಖಾಲಿ ತಿರುಗಿ ಬರಬಾರದು. ಖಾರ ಹೋದರೆ ಚುರಮುರಿ ಬರಬೇಕು, ಹಿಟ್ಟು ಹೋದರೆ ಬೆಲ್ಲ ಬರಬೇಕು. ಏನೂ ಇಲ್ಲದಿದ್ದರೆ ಹಿಡಿ ಸಕ್ಕರೆಯಾದರೂ ಹಾಕಿ ಕಳಿಸಬೇಕು. ಜೈತುನಬಿಯ ಗೋಡೆಗೆ ಗೋಡೆ ಹಚ್ಚಿದ ಮನೆ ಗಿರಿಜವ್ವನದು. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯಾಗಿ ಬಂದವರು. ಅವರ ಡಬ್ಬಿಗಳಲ್ಲಿ ಯಾವುದು ಯಾರದು ಎಂದು ಕೇಳಿದರೆ ಅವರಿಗೇ ಗೊತ್ತಿರಲಿಲ್ಲ. ಡಬ್ಬಿಗೆ ಒಂದೇ ಹೆಸರು, ಒಂದೇ ಜಾಗ ಎಂದು ತಿಳಿದವರು ನಾವು ಯಂತ್ರದವರು.

ಮೊಹರಮ್ ಬಂತು. ಜೈತುನಬಿಯ ಮನೆಯಲ್ಲಿ ಚೊಂಗೆ ಮಾಡಿದ್ದರು, ಗೋಧಿಹಿಟ್ಟು ಬೆಲ್ಲದ ಹಬ್ಬದ ತಿನಿಸು. ಗಿರಿಜವ್ವನಿಗೆ ಕೊಡಲು ರೇಷ್ಮಾ ಡಬ್ಬಿ ಹುಡುಕಿದಳು. ಉಪ್ಪಿನ ಡಬ್ಬಿಯಲ್ಲಿ ತಳಕ್ಕೆ ಚೂರು ಉಳಿದಿತ್ತು, ಅದನ್ನು ಬಟ್ಟಲಿಗೆ ಸುರಿದು, ತೊಳೆದು ಒರೆಸಿ, ಚೊಂಗೆ ತುಂಬಿ ಕಳಿಸಿದಳು. ಗಿರಿಜವ್ವ ಮೊಮ್ಮಗುವಿನ ಹರಕೆಗೆ ಮೊಹರಮ್ ದೇವರ ಮುಂದೆ ಮುಲ್ಲಾನಿಂದ ಪ್ರಾರ್ಥನೆ ಹೇಳಿಸಿ ಸಕ್ಕರೆ ಓದಿಸಿಕೊಂಡು ಬಂದಿದ್ದಳು. ಆ ಸಕ್ಕರೆ ಎಲ್ಲರಿಗೂ ಹಂಚಬೇಕು. ಮರುದಿನ ಡಬ್ಬಿ ತುಂಬ ಓದಿಸಿದ ಸಕ್ಕರೆ ಹಾಕಿ, ತನ್ನ ಮನೆಯಂತೆಯೇ ಒಳಗೆ ಬಂದು, ಹಲಗೆಯ ಮೇಲೆ ಖಾಲಿ ಇದ್ದ ಜಾಗದಲ್ಲಿ ಇಟ್ಟು ಹೋದಳು. ರೇಷ್ಮಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ಜೈತುನಬಿ ನಮಾಜಿಗೆ ಕೂತಿದ್ದಳು.

ಅಂದು ಜೈತುನಬಿಗೆ ಮೊಹರಮ್ಮಿನ ರೋಜಾ, ಉಪವಾಸ. ನಾಲಿಗೆಗೆ ಏನೂ ಹಚ್ಚುವಂತಿಲ್ಲ. ಮಧ್ಯಾಹ್ನ ಅಂಗಡಿಯ ಖಾರಕ್ಕೆ ಹಿಟ್ಟು ಕಲಸಲು ಕೂತಳು. ಡಬ್ಬಿ ಎತ್ತಿದಳು. "ಉಪ್ಪ" ಎಂದಿತು ಸೊಸೆಯ ದನಿ. ಚಮಚದಿಂದ ಅಳೆದು ಹಾಕಿದಳು. ತೂತಿನ ಝಾರಿಯ ಮೇಲೆ ಹಿಟ್ಟು ತಿಕ್ಕಿ ಕಾದ ಎಣ್ಣೆಗೆ ಬಿಟ್ಟಳು. ಬಿಟ್ಟೊಡನೆ ಕರಕಾಗಿ, ಕಡಾಯಿಗೆ ಅಂಟಿ, ಹೊಗೆ ಎದ್ದಿತು. ಸಕ್ಕರೆ ಸೀದ ವಾಸನೆ ಬಂದಾಗ ಆಕೆಗೆ ತಿಳಿದಿದೆ. ಝಾರಿ ಹಿಂದಕ್ಕೆ ಎಳೆಯಲು ಹೋದಾಗ ಎಣ್ಣೆ ತುಳುಕಿ ನೆಲಕ್ಕೆ ಬಿತ್ತು. ಹಬ್ಬವೆಂದು ಬಶೀರ ಅವತ್ತು ಮನೆಯಲ್ಲಿಯೇ ಇದ್ದ. ಓಡಿ ಬಂದು ತಾಯಿಯನ್ನು ರೆಟ್ಟೆ ಹಿಡಿದು ಹಿಂದಕ್ಕೆ ಎಳೆದ. ಯಾರಿಗೂ ಏನೂ ಆಗಲಿಲ್ಲ. ಆದರೆ ಅವನು ಒಂದು ಮಾತೂ ಆಡದೆ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ ತನ್ನ ಗಾಡಿಯಲ್ಲಿ ಇಟ್ಟು ಬೀಗ ಹಾಕಿದ.

ಎರಡು ದಿನ ಬಿಟ್ಟು ನಾನು ಹೋದಾಗ ಇದೆಲ್ಲ ರೇಷ್ಮಾ ಹೇಳಿದಳು. ಅಡುಗೆ ಹಿತ್ತಲಿನ ಕಟ್ಟಿಗೆ ಒಲೆಯಲ್ಲಿ ನಡೆಯುತ್ತಿತ್ತು, ಅಲ್ಲಿಗೆ ಅತ್ತೆಯನ್ನು ಬಿಡುತ್ತಿರಲಿಲ್ಲ. ಜೈತುನಬಿ ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು.

"ಡಬ್ಬಿ ಮಾತು ನಂಬಿ ಮೂಗು ಬಿಟ್ಟೆ ನೋಡ್ರಿ ಅಕ್ಕೋರ" ಎಂದಳು. ಬಯ್ದಿದ್ದರೆ ಚೆನ್ನಾಗಿತ್ತು.

ಬೆಂಗಳೂರಿಗೆ ಫೋನ್ ಮಾಡಿದೆ. "ಯಂತ್ರ ತಪ್ಪು ಮಾಡಿಲ್ಲ ಮೇಡಂ. ಡಬ್ಬಿ ಅಡುಗೆಮನೆಯಿಂದ ಆಚೆ ಹೋಗಬಾರ್ದು, ಅದನ್ನ ಅವರಿಗೆ ಸರಿಯಾಗಿ ಹೇಳಿ" ಎಂದ ಇಂಜಿನಿಯರ್. ಒಳ್ಳೆಯ ಹುಡುಗ, ಅವನ ಲೆಕ್ಕದಲ್ಲಿ ಅದು ಸರಿಯೇ. ಹೇಳಿದೆ. ರೇಷ್ಮಾ ತಲೆ ಆಡಿಸಿದಳು. ಡಬ್ಬಿಗಳು ಹಲಗೆ ಬಿಟ್ಟು ಕದಲಲಿಲ್ಲ. ಮುಂದಿನ ವಾರ ಹೋದಾಗ ಮನೆ ಆಸ್ಪತ್ರೆಯ ಹಾಗೆ ಸ್ತಬ್ಧವಾಗಿತ್ತು. ಓಣಿಯ ಹೆಂಗಸರು ಬಾಗಿಲವರೆಗೆ ಬಂದು, ಮಾತಾಡಿಸಿ, ಹಾಗೇ ಹೋಗುತ್ತಿದ್ದರಂತೆ. ಗಿರಿಜವ್ವ ತನ್ನಿಂದಲೇ ಆಯಿತೆಂದು ಒಳಗೆ ಕಾಲಿಟ್ಟಿರಲಿಲ್ಲ.

"ಡಬ್ಬಿ ಹೊರಗ ಹೋಗಲಿಲ್ಲಂದ್ರ ಮಂದಿ ಒಳಗ ಹೆಂಗ ಬರ್ತಾರ್ರಿ?" ಎಂದಳು ಜೈತುನಬಿ. "ಪಂಚಮಿ ಬಂತು. ಅಂಗಡಿ ಶೆಟ್ರು ಕೇಳಿ ಕಳಿಸ್ಯಾರ, ಖಾರ ನೀವು ಮಾಡ್ತೀರೋ, ಬ್ಯಾರೇದವರಿಗೆ ಹೇಳ್ಲೋ ಅಂತ. ಒಂದ್ ಸಲ ಬ್ಯಾರೇದವರ ಕೈಗೆ ಹೋತಂದ್ರ ಮತ್ತ ನನ್ನ ಕೈಗೆ ಬರೂದಿಲ್ರಿ ಅದು. ಆಮ್ಯಾಲೆ ನಾ ಈ ಗ್ವಾಡಿಗೆ ಕುಂತಾಕಿ ಕುಂತಂಗ."

ಅಂದು ಬಸ್ಸಿನಲ್ಲಿ ಕಂಬ ಹಿಡಿದು ನಿಂತು ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ಕಣ್ಣು ಹೋದವಳಿಗೆ ಒಲೆ ಉಳಿಸಿಕೊಡಲು ಹೋಗಿ ಇದ್ದ ನೆರೆಹೊರೆಯನ್ನೂ ಬಿಡಿಸಿದ್ದೆವು. ಡಬ್ಬಿಯಲ್ಲಿ ಏನಿದೆ ಎಂದು ಬಿಲ್ಲೆಗೆ ಹೇಗೆ ತಿಳಿದೀತು? ಅದು ತಿಳಿದಿರುವುದು ತುಂಬಿದವರಿಗೆ. ಹಾಗಿದ್ದರೆ ತುಂಬಿದವರೇ ಹೇಳಲಿ. ಇಷ್ಟು ಹೊಳೆಯುವುದಕ್ಕೆ ನನಗೆ ಸವಣೂರಿನಿಂದ ಬಂಕಾಪುರದವರೆಗೆ ನಿಲ್ಲಬೇಕಾಯಿತು.

ಹುಬ್ಬಳ್ಳಿಯಲ್ಲಿ ಮಕ್ಕಳ ಗಿಳಿ ಗೊಂಬೆ ಸಿಗುತ್ತವೆ. ಹೊಟ್ಟೆ ಒತ್ತಿ ಹಿಡಿದು ಮಾತಾಡಿದರೆ ಹಿಡಿದಿಟ್ಟುಕೊಳ್ಳುತ್ತದೆ, ಬಿಟ್ಟು ರೆಕ್ಕೆ ಒತ್ತಿದರೆ ಅದೇ ಮಾತು ತಿರುಗಿ ಹೇಳುತ್ತದೆ. ಅಂಥವನ್ನು ತಂದು, ಮನೆಯಲ್ಲಿ ಕೂತು ಒಂದೊಂದರ ಹೊಟ್ಟೆ ಕೊಯ್ದು, ಒಳಗಿನದನ್ನು ತೆಗೆದು ಡಬ್ಬಿಯ ಮುಚ್ಚಳಗಳ ಮೇಲೆ ಕೂರಿಸುವ ಹಾಗೆ ಮಾಡಿದೆ. ಎರಡು ಗುಂಡಿ. ಉಬ್ಬಿದ್ದು ಹೇಳುವುದಕ್ಕೆ, ತಗ್ಗಿದ್ದು ಕೇಳುವುದಕ್ಕೆ. ಬೆಂಗಳೂರಿಗೆ ತಿಳಿಸಲಿಲ್ಲ.

ಸವಣೂರಿಗೆ ಒಯ್ದು, ಹಲಗೆಯ ಯಂತ್ರ ಬಂದ್ ಮಾಡಿ, ಮುಚ್ಚಳಗಳಿಗೆ ಅಂಟಿಸಿದೆ. ರೇಷ್ಮಾ ಗಿರಿಜವ್ವನನ್ನು ಕರೆದಳು. ಆಕೆ ಅಳುಕುತ್ತ ಒಳಗೆ ಬಂದು, ನೋಡಿ, ಮೊದಲು ಕೇಳಿದ್ದು, "ಮುಚ್ಚಳಾನೂ ಅದಲ ಬದಲ ಆಗ್ತಾವಲ್ರಿ ನಮ್ಮಲ್ಲೆ?" ಹೌದಲ್ಲ. ಮುಚ್ಚಳಕ್ಕೂ ಡಬ್ಬಿಯ ಕುತ್ತಿಗೆಗೂ ದಾರ ಕಟ್ಟಿದೆವು. ಆಮೇಲೆ ಗಿರಿಜವ್ವ ಒಂದು ಡಬ್ಬಿ ಒಯ್ದು, ತನ್ನ ಮನೆಯಲ್ಲಿ ತುಂಬಿ, ತುಂಬಿದ್ದನ್ನು ಮುಚ್ಚಳಕ್ಕೆ ಹೇಳಿ ತಂದುಕೊಟ್ಟಳು. ಜೈತುನಬಿ ತಗ್ಗಿನ ಗುಂಡಿ ತಡಕಿ ಒತ್ತಿದಳು.

"ಜೈತೂನಾ, ಇದರಾಗ ಶೇಂಗಾ ಅದಾವ. ಹುರದಿಲ್ಲ, ಹಸೇವ. ನನ್ನ ಮ್ಯಾಲೆ ಸಿಟ್ಟಾಗೀಯೋ ಏನೋ, ಒಂದ್ ಮಾತು ಹೇಳಿ ಕಳಸಲೇ ಇಲ್ಲ."

"ಸಿಟ್ಟಾಕಿ ನೀನು. ಹಡಬಿಟ್ಟಿ, ಮುಚ್ಚಳದ ಕೂಡ ಜಗಳ ತಗೀತಿ" ಎಂದಳು ಜೈತುನಬಿ. ಇಬ್ಬರೂ ಅತ್ತರು, ನಕ್ಕರು. ನಾನು ದಾರದ ಗಂಟು ಬಿಗಿ ಮಾಡುತ್ತಿದ್ದೆ.

ಆದರೆ ರೆಗ್ಯುಲೇಟರ್ ಇನ್ನೂ ಗಾಡಿಯಲ್ಲಿಯೇ ಇತ್ತು. ಬಶೀರ ಬಂದ. ಮೂವತ್ತೈದರ ಆಳು, ಎಲೆಯ ತೇವದಿಂದ ಅಂಗಿಯ ಹೆಗಲು ಹಸಿರಾಗಿತ್ತು. ನನ್ನನ್ನು ನೋಡಿ ಬಾಗಿಲಲ್ಲಿಯೇ ನಿಂತ.

"ಅಕ್ಕೋರ, ನಿಮಗ ಬೇಜಾರಾಗಬಾರ್ದು" ಎಂದ. "ನಿಮ್ಮ ಮಷಿನ್ ಮ್ಯಾಲೆ ನನಗ ನಂಬಿಕಿ ಇಲ್ರಿ. ಆಕಿ ಕೈ ಸುಟ್ಟಾಗ ದವಾಖಾನಿಗೆ ಎತಗೊಂಡು ಹೋದಾಂವ ನಾನು. ಆ ಒದರೂದು ಇನ್ನೂ ನನ್ನ ಕಿವ್ಯಾಗ ಐತಿ."

ಅವನದೂ ಸುಳ್ಳಲ್ಲ. ಜೈತುನಬಿಯೇ ಕೂತಲ್ಲಿಂದ ಹೇಳಿದಳು. "ಒಂದ್ ಡಬ್ಬಿ ನೀನ ತುಂಬಿ ತಾ. ಏನು ಬೇಕಾದ್ದು ತುಂಬು. ನಾ ಹೇಳದಿದ್ರ ಒಲಿ ಬಿಡ್ತೇನಿ, ಮತ್ತ ಕೇಳೂದಿಲ್ಲ."

ಬಶೀರ ಒಂದು ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ಹೋದ. ತಿರುಗಿ ಬಂದು ತಾಯಿಯ ಮುಂದಿಟ್ಟ. ಅವಳು ಗುಂಡಿ ಒತ್ತಿದಳು. "ಅಜವಾನ ಐತ್ರಿ ಅತ್ತಿ" ಎಂದಿತು, ಬೆಳಿಗ್ಗೆ ರೇಷ್ಮಾ ಹೇಳಿಟ್ಟದ್ದು. ಅವನು ಒಳಗಿನದನ್ನು ತೆಗೆದು ಬೇರೆ ತುಂಬಿದ್ದಾನೆ, ಮುಚ್ಚಳಕ್ಕೆ ಏನೂ ಹೇಳಿಲ್ಲ. ರೇಷ್ಮಾ ನನ್ನ ಮುಖ ನೋಡಿದಳು. ಜೈತುನಬಿ ಡಬ್ಬಿಯನ್ನು ಕೆಳಗಿಡಲಿಲ್ಲ. ಅಂಗೈಯಲ್ಲಿ ತೂಗಿದಳು. ಕಿವಿಯ ಹತ್ತಿರ ಅಲುಗಿಸಿದಳು. ಮುಚ್ಚಳ ತೆಗೆದು ಮೂಗಿಗೆ ಹಿಡಿದಳು.

"ಅಜವಾನ ಅಲ್ಲ ಇದು" ಎಂದಳು. "ಇದನ್ನ ತುಂಬಿದಾಂವ ಮಾತಾಡಿಲ್ಲ."

ಬಶೀರ ಡಬ್ಬಿಗೆ ಕೈ ಚಾಚಿದ, ಅವಳು ಬಿಡಲಿಲ್ಲ.

"ಏನೈತಿ ಅಂತ ಹೇಳಾಕ ನನಗ ಬರ್ತೈತಿ. ನಾಲಿಗಿ ಐತಿ ನನಗ, ಇವತ್ತು ರೋಜಾ ಇಲ್ಲ. ಆದ್ರ ನಾ ಹೇಳೂದಿಲ್ಲ. ತುಂಬಿದಾಂವ ಹೇಳ್ಬೇಕು. ಮನ್ಯಾಗ ಇದ್ದವರು ಬಾಯಿ ಬಿಚ್ಚಬೇಕಪಾ. ಕಣ್ಣಿಲ್ಲದಾಕಿ ಮುಂದ ಸುಮ್ಮ ಸುಮ್ಮಕ ಇಟ್ಟು ಹೋದ್ರ ಹೆಂಗ?"

ರೇಷ್ಮಾ ಎದ್ದಳು. ಅತ್ತೆಯ ಕೈಯಿಂದ ಡಬ್ಬಿ ತೆಗೆದುಕೊಂಡು, ಮುಚ್ಚಳ ಹಾಕಿ, ಗಂಡನ ಕೈಗೆ ಕೊಟ್ಟು, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, "ಹೇಳ್ರಿ" ಎಂದಳು. ಕೈಸನ್ನೆ ಮಾಡಲಿಲ್ಲ. ಅವನು ಬಾಗಿಲ ಕಡೆ ತಿರುಗಿ ನಿಂತ. ಮುಚ್ಚಳವನ್ನು ಬಾಯಿಗೆ ಹತ್ತಿರ ಹಿಡಿದು ಉಬ್ಬಿದ ಗುಂಡಿ ಒತ್ತಿದ. ಆಮೇಲೆ ಏನೋ ಹೇಳಿ, ತಂದು ತಾಯಿಯ ಮಡಿಲಲ್ಲಿ ಇಟ್ಟ.

ಅವಳು ಒತ್ತಿದಳು. "ಅಮ್ಮಾ" ಎಂದಿತು ಡಬ್ಬಿ. ಆಮೇಲೆ ಬರೀ ಉಸಿರು. ಆಮೇಲೆ, "ನಮಕ್ ಹೈ." ಉಪ್ಪು ಇದೆ ಎಂದು, ತಮ್ಮ ಮನೆಮಾತಿನಲ್ಲಿ.

ಜೈತುನಬಿ ಇನ್ನೊಮ್ಮೆ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಬಶೀರ ಹೊರಗೆ ಹೋಗಿ ಗಾಡಿಯ ಬೀಗ ತೆಗೆದದ್ದು ಕೇಳಿಸಿತು. ರೆಗ್ಯುಲೇಟರ್ ತಂದು ಕೂರಿಸಿ, ಸೋರುತ್ತಿದೆಯೇ ಎಂದು ಮೂಗಿನಿಂದ ನೋಡಿ, ನನಗೆ "ಚಹಾ ಕುಡದು ಹೋಗ್ರಿ" ಎಂದ.

ಆ ಪಂಚಮಿಗೆ ಜೈತುನಬಿ ಖಾರ ಮಾಡಿದಳು. ರೇಷ್ಮಾ ಪಕ್ಕದಲ್ಲಿ ಕೂತಿದ್ದಳು. ಓಣಿಯ ಡಬ್ಬಿಗಳು ಮತ್ತೆ ಓಡಾಡತೊಡಗಿದವು, ಪ್ರತಿಯೊಂದೂ ಉಂಡಿಯ ಜೊತೆಗೆ ಏನಾದರೊಂದು ಸುದ್ದಿ ತರುತ್ತಿತ್ತು. ಯಾರ ಎಮ್ಮೆ ಈಯಿತು, ಯಾರ ಮಗಳು ತವರಿಗೆ ಬಂದಳು, ಎಳ್ಳಿನ ಉಂಡಿ ಗಟ್ಟಿಯಾಗಿವೆ ಹಲ್ಲು ಜೋಕೆ. ನಾನು ಮಾತ್ರ ದಣಿದುಹೋಗಿದ್ದೆ. ಬ್ಯಾಟರಿ ಬದಲಿಸುವುದು, ಸುಟ್ಟ ಫ್ಯಾನಿಗೆ ಸಮಾಧಾನ ಹೇಳುವುದು, ಜೋಳದ ಚೀಲ ಕೆಳಗಿಳಿಸಿ ಎಂದು ಬೇಡುವುದು. ಮಳೆ ಹಿಂದೆ ಸರಿಯುವ ಹೊತ್ತಿಗೆ ಯೋಜನೆಯೂ ಹಿಂದೆ ಸರಿಯಿತು. ಸವಣೂರಿನ ಮನೆಯಿಂದ ತಮಗೆ ಬೇಕಾದ ಮಾಹಿತಿ ಬರುವುದು ನಿಂತಿದೆ, ಆ ಪ್ರಯೋಗ ವಿಫಲ ಎಂದು ಬೆಂಗಳೂರಿನವರು ತೀರ್ಮಾನಿಸಿದರು. ನಾನು ವಾದಿಸಲಿಲ್ಲ. ಹಲಗೆ ಬಿಚ್ಚಿ ಕ್ಯಾರಿಬ್ಯಾಗಿಗೆ ತುಂಬಿದೆ, ಗಿಳಿಯ ಹೊಟ್ಟೆಗಳನ್ನು ಅಲ್ಲಿಯೇ ಬಿಟ್ಟೆ. ಆಮೇಲೆ ಹಾನಗಲ್ಲಿನಲ್ಲಿ ಮಿಕ್ಸರ್, ಇಸ್ತ್ರಿಪೆಟ್ಟಿಗೆ ರಿಪೇರಿ ಹಿಡಿದು ಕೂತೆ. ಬರುತ್ತೇನೆ ಎಂದು ಹೇಳಿ ಬಂದಿದ್ದೆ. ಹೋಗಲು ಆಗಲೇ ಇಲ್ಲ, ದಣಿವಿಗೆ ನೆವಗಳು ಬೇಗ ಸಿಗುತ್ತವೆ.

ಹೋದ ವಾರ ಆ ಖಾರ ಬಾಯಲ್ಲಿ ಕರಗುವಷ್ಟರಲ್ಲಿ ಹಾನಗಲ್ ಬಸ್ಸು ಬಂತು. ಹತ್ತಲಿಲ್ಲ. ಹಿಂದೆ ಬಂದ ಸವಣೂರು ಬಸ್ಸು ಹತ್ತಿದೆ.

ಒಲೆ ಉರಿಯುತ್ತಿತ್ತು. ಈಗ ಕಡಾಯಿಯ ಮುಂದೆ ರೇಷ್ಮಾ ಕೂರುತ್ತಾಳೆ, ಹಿಟ್ಟು ಕಲಸುವುದು, ಎಣ್ಣೆಯ ಸಪ್ಪಳ ಕೇಳಿ ಹದ ಹೇಳುವುದು ಜೈತುನಬಿ. ಮೈ ಇಳಿದಿದ್ದಾಳೆ. ದನಿಯಿಂದಲೇ ನನ್ನನ್ನು ಗುರುತಿಸಿ, "ಅಕ್ಕೋರ, ಬರ್ತೇನಿ ಅಂದು ಯಾವ ಮಳಿಗಾಲಕ್ಕ ಬಂದ್ರಿ?" ಎಂದಳು. ಡಬ್ಬಿಗಳು ಅದೇ ಹಲಗೆಯ ಜಾಗದಲ್ಲಿ ಇದ್ದವು. ದಾರವೂ ಇತ್ತು, ಮುಚ್ಚಳದ ಮೇಲೆ ಎಣ್ಣೆ ಹಿಡಿದು ಕಪ್ಪಾದ ಗುಂಡಿಗಳೂ ಇದ್ದವು. ಒಂದನ್ನು ಒತ್ತಿದೆ. ಸದ್ದಿಲ್ಲ.

"ಅವು ಸತ್ತು ಭಾಳ ದಿನಾ ಆತ್ರಿ" ಎಂದಳು ರೇಷ್ಮಾ.

ಹಾಗೆ ಹೇಳುವಾಗಲೇ ಗಿರಿಜವ್ವ ಒಂದು ಡಬ್ಬಿ ಹಿಡಿದು ಬಂದಳು. ಹೊಸ್ತಿಲಲ್ಲಿ ನಿಂತು ಮುಚ್ಚಳವನ್ನು ಬಾಯಿಗೆ ಹಿಡಿದು, ಸತ್ತ ಗುಂಡಿಯನ್ನು ಒತ್ತಿ, "ಜೈತೂನಾ, ಹೆಸರಬ್ಯಾಳಿ" ಎಂದಳು. ಆಮೇಲೆ ಒಳಗೆ ಬಂದಳು. ಯಾರಿಗೂ ಅದು ವಿಶೇಷ ಅನಿಸಲಿಲ್ಲ. ಓಣಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರಂತೆ. ಬಶೀರ ನಸುಕಿನಲ್ಲಿ ಹೊರಡುವಾಗ ನೀರಿನ ತಂಬಿಗೆ ಇಟ್ಟರೂ ಹೇಳಿ ಇಡುತ್ತಾನೆ.

ಹೊರಡುವಾಗ ಜೈತುನಬಿ ಒಂದು ಡಬ್ಬಿ ತುಂಬ ಖಾರ ಕೊಟ್ಟಳು. "ಡಬ್ಬಿ ತಿರುಗಿ ಕೊಡಾಕರ ಬರ್ರಿ" ಎಂದಳು.

ಖಾರ ನಾಲ್ಕು ದಿನಕ್ಕೆ ಮುಗಿಯಿತು. ಡಬ್ಬಿ ತೊಳೆದು ಕಿಟಕಿಯಲ್ಲಿ ಒಣಗಲು ಇಟ್ಟಿದ್ದೆ. ನಿನ್ನೆ ಸಂಜೆ ಅದನ್ನು ತೆಗೆದು, ಖಾಲಿ ಒಯ್ಯಬಾರದಲ್ಲ, ಅವಲಕ್ಕಿ ತುಂಬಿದೆ. ಮುಚ್ಚಳ ಹಾಕಿದೆ. ಗುಂಡಿ ಸತ್ತದ್ದು ಗೊತ್ತು, ಹೊಸ ಬ್ಯಾಟರಿ ಹಾಕಲು ನನಗೆ ಬರುತ್ತದೆ, ಹಾಕಲಿಲ್ಲ. ಸುತ್ತ ಒಮ್ಮೆ ನೋಡಿದೆ, ಯಾರಿದ್ದಾರೆ ನೋಡಲು. ಮುಚ್ಚಳಕ್ಕೆ ಬಾಯಿ ಹತ್ತಿರ ಒಯ್ದು, "ಜೈತುನಕ್ಕಾ, ಅವಲಕ್ಕಿ ಐತ್ರಿ" ಎಂದೆ. ದನಿ ಸರಿಯಾಗಿ ಹೊರಡಲಿಲ್ಲ. ಎರಡು ದಿನದಿಂದ ನಾನು ಯಾರ ಜೊತೆಗೂ ಮಾತಾಡಿರಲಿಲ್ಲ. ಕೆಮ್ಮಿ ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದೆ.